ಮೇಜುಬಟ್ಟೆಯ ಮೂಲೆ

ಗಿರಾಕಿ ಕೈತೊಳೆದು, ಬಾಯಿ ಒರೆಸಿಕೊಂಡು ಬಾಗಿಲು ದಾಟಿದ ಮೇಲೆ ಅಡುಗೆಮನೆಯಲ್ಲಿ ಅವನ ಬಗ್ಗೆ ಏನೇನು ಮಾತು ಹೊರಡುತ್ತದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅರ್ಧ ಊರು ಮನೆಯಲ್ಲೇ ಉಣ್ಣುತ್ತಿತ್ತು. ದೊಡ್ಡಣ್ಣನಿಗೆ ಗೊತ್ತಿತ್ತು. ಒಂದೇ ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ಸಪ್ಲೈಯರ್ ಆಗಿದ್ದವನು ಅವನು. ಆ ಮಾತುಗಳಲ್ಲಿ ಮುಕ್ಕಾಲು ಪಾಲು ಅವನ ಬಾಯಿಂದಲೇ ಹೊರಟಿದ್ದವು. ದೊಡ್ಡಣ್ಣ ಅನ್ನುವುದೂ ಅಡುಗೆಮನೆಯವರು ಇಟ್ಟ ಹೆಸರೇ. ಮನೆಯಲ್ಲಿ ಅವನನ್ನು ಯಾರೂ ಹಾಗೆ ದೊಡ್ಡವನನ್ನಾಗಿ ಮಾಡಿರಲಿಲ್ಲ.

ಹಾಗಾಗಿ ಅರವತ್ತೆರಡನೆಯ ವಯಸ್ಸಿನಲ್ಲಿ, ಬದುಕಿನಲ್ಲೇ ಮೊದಲ ಸಲ, ಒಂದು ದಿನದ ಮಟ್ಟಿಗೆ ಒಬ್ಬ ಮನುಷ್ಯನನ್ನು ದುಡ್ಡು ಕೊಟ್ಟು ಗೊತ್ತುಮಾಡಿಕೊಂಡಾಗ ಅವನಿಗಿದ್ದ ಭಯ ನೀರಿಗೆ ಬೀಳುವುದರದ್ದಲ್ಲ, ಶೀತವಾಗುವುದರದ್ದೂ ಅಲ್ಲ. ತಾನು ಬೆನ್ನು ತಿರುಗಿಸಿದ ಮೇಲೆ ಆ ಮನುಷ್ಯ ತನ್ನ ಬಗ್ಗೆ ಏನನ್ನುತ್ತಾನೆ ಎಂಬುದರದ್ದು. ‘ಒಳ್ಳೆ ಗಿರಾಕಿ’ ಅನ್ನಿಸಿಕೊಳ್ಳಬೇಕು. ಅಷ್ಟು ಸಾಕು. ಆದರೆ ಆ ಎರಡು ಶಬ್ದ ಎಷ್ಟು ದುಬಾರಿ ಅಂತ ಅವನಷ್ಟು ಚೆನ್ನಾಗಿ ಬಲ್ಲವರು ಇನ್ನಾರು? ಮೂವತ್ತನಾಲ್ಕು ವರ್ಷದಲ್ಲಿ ಅವನು ಅದನ್ನು ಹೆಚ್ಚೆಂದರೆ ಹತ್ತು ಜನರಿಗೆ ಅಂದಿದ್ದ.

ಗೊತ್ತುಮಾಡಿಕೊಂಡದ್ದು ಮೀನು ಹಿಡಿಸುವ ಗೈಡನ್ನು. ಎರೆಹುಳ ಚುಚ್ಚಿ ದಡದಲ್ಲಿ ಕೂತು ತೂಕಡಿಸುವ ಮೀನುಗಾರಿಕೆಯಲ್ಲ ಇದು. ಹಕ್ಕಿಪುಕ್ಕಕ್ಕೆ ದಾರ ಸುತ್ತಿ ಮಾಡಿದ ಹುಸಿ ನೊಣವೊಂದನ್ನು ಕೊಕ್ಕೆಗೆ ಕಟ್ಟಬೇಕು. ಮೊಣಕಾಲುದ್ದ ನೀರಿನಲ್ಲಿ ನಿಂತು, ಉದ್ದನೆಯ ಕೋಲಿನಿಂದ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ, ನೊಣ ತಾನಾಗಿಯೇ ಬಂದು ಕೂತಿತೇನೋ ಎಂಬಂತೆ ನೀರಿನ ಮೇಲೆ ಇಳಿಸಬೇಕು. ಮೋಸಹೋಗಿ ಬಂದ ಮೀನನ್ನು ಹಿಡಿದು, ಕಣ್ತುಂಬ ನೋಡಿ, ಮತ್ತೆ ನೀರಿಗೇ ಬಿಡಬೇಕು.

“ಹಿಡಿದು ಬಿಡೋದಾ?” ಎಂದಿದ್ದಳು ಹೆಂಡತಿ. “ಅದಕ್ಕೆ ದುಡ್ಡು ಬೇರೆನಾ?”

“ವಕೀಲರು ಹೋಗ್ತಿದ್ರಲ್ಲ, ಅದೇ ಕಣೇ.”

ವಕೀಲರ ಹೆಸರು ಬಂದರೆ ಆ ಮನೆಯಲ್ಲಿ ವಾದ ಮುಗಿದಂತೆ. ಮಗಳ ಪುಸ್ತಕ, ಹೆಂಡತಿಯ ಕನ್ನಡಕ, ಚಾವಣಿಯ ತಗಡು, ಇವಕ್ಕೆಲ್ಲ ವಕೀಲರ ಟಿಪ್ಸಿನ ಋಣವಿತ್ತು. ಹೆಂಡತಿ, “ಹೋಗಿ ಬನ್ನಿ. ಒಂದು ದಿನ ನಿಮ್ಮನ್ನೂ ಯಾರಾದ್ರೂ ನೋಡ್ಕೊಳ್ಳಲಿ” ಎಂದಳು. ಆ ಮಾತಿಗೆ ದೊಡ್ಡಣ್ಣ ಮುಖ ಆಚೆ ತಿರುಗಿಸಿಕೊಂಡ. ಮರುಗಳಿಗೆಯೇ ಅವಳು, “ಅಲ್ಲಿ ಹೋಗಿ ಅವರ ಎಂಜಲು ತಟ್ಟೆ ಎತ್ತಬೇಡಿ ಮತ್ತೆ!” ಎಂದು ಸೇರಿಸಿದ್ದರಿಂದ ಸರಿಹೋಯಿತು.

ವಕೀಲರನ್ನು ತಿಳಿಯಬೇಕಾದರೆ ಹೋಟೆಲಿನ ಮೇಜುಗಳನ್ನು ತಿಳಿಯಬೇಕು. ಒಟ್ಟು ಹದಿನಾಲ್ಕು ಮೇಜು. ನಾಲ್ಕನೆಯದು ಕಿಟಕಿಯ ಪಕ್ಕ, ಗಾಳಿ ಬೆಳಕು ಎರಡೂ ಉಂಟು. ಒಂಬತ್ತನೆಯದು ಕೈತೊಳೆಯುವ ತೊಟ್ಟಿಯ ಪಕ್ಕ. ಅಲ್ಲಿ ಕೂತವನ ಬೆನ್ನಿಗೆ ಹೋಗಿ ಬರುವವರ ಕೈನೀರು ಸಿಡಿಯುತ್ತಿತ್ತು, ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು, ಚಹಾ ಬರುವಷ್ಟರಲ್ಲಿ ಆರಿರುತ್ತಿತ್ತು. ಕಾಸು ಬಿಚ್ಚದ ಗಿರಾಕಿಗಳನ್ನು ದೊಡ್ಡಣ್ಣ ಅಲ್ಲಿಗೇ ಕರೆದೊಯ್ಯುತ್ತಿದ್ದ. “ಬನ್ನಿ ಸಾರ್, ನಿಮಗೆ ಅಂತಲೇ ಇಟ್ಟಿದ್ದೀನಿ” ಎಂದು ಬಾಯ್ತುಂಬ ನಗುತ್ತಿದ್ದ. ತಮಾಷೆಯೆಂದರೆ, ಅವರಲ್ಲಿ ಕೆಲವರು ಅದೇ ಹೋಟೆಲಿನ ಅತ್ಯುತ್ತಮ ಜಾಗವೆಂದು ವರ್ಷಗಟ್ಟಲೆ ನಂಬಿದ್ದರು. ನೆಂಟರನ್ನೂ ಅಲ್ಲಿಗೇ ಕರೆತರುತ್ತಿದ್ದರು.

ವಕೀಲರದ್ದು ನಾಲ್ಕನೆಯ ಮೇಜು.

ಅವರು ಮೊದಮೊದಲು ಟಿಪ್ಸನ್ನು ಬಿಲ್ಲಿನ ತಟ್ಟೆಯಲ್ಲಿ ಎಲ್ಲರಿಗೂ ಕಾಣುವಂತೆ ಬಿಟ್ಟುಹೋಗುತ್ತಿದ್ದರು. ಅಲ್ಲೇ ತೊಂದರೆ. ಗಲ್ಲಾದ ಪಕ್ಕದಲ್ಲಿ ಮಾಲೀಕರು ಒಂದು ತಗಡಿನ ಡಬ್ಬಿ ಇಟ್ಟಿದ್ದರು. ಕಣ್ಣಿಗೆ ಬಿದ್ದ ಟಿಪ್ಸೆಲ್ಲ ಅದಕ್ಕೆ, ತಿಂಗಳ ಕೊನೆಗೆ ಸಪ್ಲೈಯರ್‌ಗಳಿಗೆ ಸಮಪಾಲು. ಮಾಲೀಕರ ಗಣಿತದಲ್ಲಿ ಮಾಲೀಕರೂ ಒಬ್ಬ ಸಪ್ಲೈಯರ್, ಅವರ ಭಾವಮೈದುನನೂ ಒಬ್ಬ ಸಪ್ಲೈಯರ್. ಕೈಗೆ ಕೊಡಿಸಿಕೊಳ್ಳೋಣವೆಂದರೆ ಗಲ್ಲಾದಿಂದ ನೆಟ್ಟ ಕಣ್ಣು ಕದಲುತ್ತಿರಲಿಲ್ಲ. ದೊಡ್ಡಣ್ಣ ಯೋಚಿಸಿ ಒಂದು ಉಪಾಯ ಮಾಡಿದ. ಮೇಜುಬಟ್ಟೆಯನ್ನು ಹೊತ್ತಿಗೊಮ್ಮೆ ಬದಲಿಸುವುದು ಅವನದೇ ಕೆಲಸ. ಬಟ್ಟೆಯ ಗೋಡೆಕಡೆಯ ಮೂಲೆ ಎತ್ತಿ, ನೋಟನ್ನು ಅದರ ಕೆಳಗಿಟ್ಟರೆ ಅವನೊಬ್ಬನಿಗೇ ಸಿಗುತ್ತದೆ.

ಆದರೆ ‘ಮಾಲೀಕರು ತಿನ್ನುತ್ತಾರೆ’ ಅಂತ ಗಿರಾಕಿಗೆ ಹೇಳುವುದಕ್ಕಾಗುತ್ತದೆಯೇ? ಅನ್ನ ಹಾಕಿದ ಮನೆ. ಅದಕ್ಕೇ ವಕೀಲರಿಗೆ ದೊಡ್ಡದೊಂದು ನೀತಿಯನ್ನು ಹೊಸೆದು ಹೇಳಿದ: “ಸಾರ್, ಬೇಜಾರು ಮಾಡ್ಕೋಬೇಡಿ. ಎದುರಿಗೆ ಕೊಟ್ರೆ ಸಲಾಮು ಕೊಂಡ ಹಾಗೆ. ನಿಜವಾದ ದೊಡ್ಡ ಮನುಷ್ಯರು ಬಟ್ಟೆ ಕೆಳಗಿಟ್ಟು, ಹಿಂದೆ ತಿರುಗಿ ನೋಡದೆ ಹೋಗ್ತಾರೆ. ಕೊಟ್ಟವರಿಗೂ ಮರ್ಯಾದೆ, ತಗೊಂಡವರಿಗೂ ಮರ್ಯಾದೆ.”

ವಕೀಲರು ಆ ಮಾತಿಗೆ ಮರುಳಾಗಿಬಿಟ್ಟರು. ಕೋರ್ಟಿನಲ್ಲಿ ದಿನವಿಡೀ ಸುಳ್ಳು ಹಿಡಿಯುವ ಮನುಷ್ಯ, ಚಹಾ ಕುಡಿಯುತ್ತಾ ಒಂದು ಸುಳ್ಳನ್ನು ಜೀವಮಾನದ ನೀತಿಯೆಂದು ಜೇಬಿಗಿಳಿಸಿದರು. ಅಂದಿನಿಂದ ಹೋಗುವಾಗ ಒಮ್ಮೆ ಕಣ್ಣು ಮಿಟುಕಿಸುತ್ತಿದ್ದರು, ಅಷ್ಟೇ. ದೊಡ್ಡಣ್ಣ ಬಟ್ಟೆ ಎತ್ತಿದರೆ ಮೂಲೆಯಲ್ಲಿ ನಾಲ್ಕು ಮಡಿಕೆ ಮಾಡಿದ ನೋಟು ಇರುತ್ತಿತ್ತು. ದೊಡ್ಡಣ್ಣ ಅವರನ್ನು ‘ಒಳ್ಳೆ ಗಿರಾಕಿ’ ಎಂದದ್ದು ಆಗಲೇ.

ವರ್ಷಕ್ಕೆರಡು ಸಲ ವಕೀಲರು ಆ ನದಿಗೆ ಹೋಗಿ ಬರುತ್ತಿದ್ದರು. ಬಂದ ಮರುದಿನ ನಾಲ್ಕನೆಯ ಮೇಜಿನಲ್ಲಿ ಸ್ನೇಹಿತರ ಮುಂದೆ ಕಥೆ. ದೊಡ್ಡಣ್ಣ ಕೆಟಲ್ ಹಿಡಿದು, ಮೈಯೆಲ್ಲ ಕಿವಿಯಾಗಿ ಹಿಂದೆ ನಿಂತಿರುತ್ತಿದ್ದ. ಬೆಳಗಿನ ನೀರಿನ ತಣ್ಣನೆ, ದಾರ ಬೀಸುವ ಸದ್ದು, ಬಂಡೆಯ ಹಿಂದಿನ ಆಳ, ಎಲ್ಲವೂ ಅವನಿಗೆ ಬಾಯಿಪಾಠ. ಮೀನು ಮಾತ್ರ ಪ್ರತಿ ಸಲವೂ ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಂಡಿರುತ್ತಿತ್ತು. “ಮೀನು ಹೋದ್ರೆ ಹೋಗ್ಲಿ” ಎನ್ನುತ್ತಿದ್ದರು ವಕೀಲರು. “ಆ ಗೈಡು ಇದ್ದಾನಲ್ಲ, ಎಂಥಾ ಮನುಷ್ಯ ಅಂತೀರಿ! ದುಡ್ಡಿನ ಕಡೆ ಕಣ್ಣೆತ್ತಿ ನೋಡಲ್ಲ.”

ಎರಡು ವರ್ಷದ ಹಿಂದೆ ವಕೀಲರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ನದಿಯೂ ನಿಂತಿತು, ನಾಲ್ಕನೆಯ ಮೇಜೂ ಖಾಲಿಯಾಯಿತು. ದೊಡ್ಡಣ್ಣ ಕೆಲಸ ಬಿಟ್ಟ ತಿಂಗಳು ಅವರನ್ನು ನೋಡಲು ಹೋದಾಗ ಅವರೇ ಗೈಡಿನ ನಂಬರು ಬರೆದುಕೊಟ್ಟರು. “ಹೋಗಯ್ಯಾ, ನನ್ನ ಬದಲಿಗೆ ನೀನು ಹೋಗು. ಬಂದು ಹೇಳು” ಎಂದರು.

ದೊಡ್ಡಣ್ಣ ಎರಡು ದಿನ ಅಭ್ಯಾಸ ಮಾಡಿ ಫೋನು ಮಾಡಿದ. ಆರ್ಡರ್ ತೆಗೆದುಕೊಂಡು ಗೊತ್ತೇ ಹೊರತು ಕೊಟ್ಟು ಗೊತ್ತಿಲ್ಲ. ಕೊನೆಗೆ, ತನ್ನ ತೂಕ ಹೆಚ್ಚಲಿ ಎಂದು, “ನಾನು ವಕೀಲರ ಕಡೆಯವನು” ಎಂದು ಸೇರಿಸಿದ.



“ಓ, ವಕೀಲರ ಕಡೆಯವರಾ?” ಎಂದಿತು ಆ ಕಡೆಯ ದನಿ. “ಬನ್ನಿ ಸಾರ್, ಬನ್ನಿ. ನಿಮಗೆ ಅಂತಲೇ ಒಂದು ಒಳ್ಳೆ ಜಾಗ ಇಟ್ಟಿದ್ದೀನಿ.”

ಮೂವತ್ತನಾಲ್ಕು ವರ್ಷ ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದವನಿಗೆ ಅದು ಹೊಳೆಯಲಿಲ್ಲ. ಹೆಂಡತಿಗೆ, “ನೋಡಿದ್ಯಾ, ವಕೀಲರ ಹೆಸರಿಗೆ ಎಷ್ಟು ಬೆಲೆ!” ಎಂದು ಹೇಳಿಕೊಂಡ.

ಗೈಡು ನಲವತ್ತೈದರ ಆಸುಪಾಸಿನ ಸಣಕಲ ಮನುಷ್ಯ. ಬಿಸಿಲಿಗೆ ಬೆಂದ ಕತ್ತು, ಮಂಡಿಯ ಮೇಲಿನವರೆಗೆ ರಬ್ಬರಿನ ಬೂಟು. ವಿನಯಕ್ಕೆ ಏನೂ ಕೊರತೆಯಿಲ್ಲ. ಮಾತಿಗೊಮ್ಮೆ ಸಾರ್, ಮಾತಿಲ್ಲದಾಗ ನಗು. ಆ ನಗು ಎಲ್ಲೋ ನೋಡಿದ್ದೇನಲ್ಲ ಅಂತ ದೊಡ್ಡಣ್ಣನಿಗೆ ಅನ್ನಿಸಿತು. ಎಲ್ಲಿ ಅಂತ ನೆನಪಾಗಲಿಲ್ಲ. ಅವನು ಹೋಟೆಲಿನಲ್ಲಿ ಕನ್ನಡಿ ನೋಡಿಕೊಂಡದ್ದೇ ಕಡಿಮೆ.

ಮೊದಲ ಪೇಚಾಟ ದಾರಿಯಲ್ಲೇ ಶುರುವಾಯಿತು. ದೊಡ್ಡಣ್ಣ ಕೋಲಿನ ಚೀಲವನ್ನು ತಾನೇ ಎತ್ತಿಕೊಂಡ. ಗೈಡು ಕಸಿದುಕೊಂಡ. ಕಾಲುದಾರಿಯಲ್ಲಿ ದೊಡ್ಡಣ್ಣ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ನಿಂತ. ಗಿರಾಕಿಯನ್ನು ಮುಂದೆ ಬಿಟ್ಟು ನಡೆಯುವುದು ಗೈಡಿನ ಅಭ್ಯಾಸ. “ನೀವು ಹೋಗಿ ಸಾರ್.” “ಇಲ್ಲ ಸಾರ್, ನೀವು ನಡೀರಿ.” ಇಬ್ಬರೂ ಕೈಚಾಚಿ ದಾರಿ ತೋರಿಸುತ್ತಾ ನಿಂತರು. ಒಂದು ನಾಯಿ ಅವರಿಬ್ಬರ ನಡುವೆ ನುಗ್ಗಿ ಮುಂದೆ ಹೋಯಿತು.

ಗೈಡು ತೋರಿಸಿದ ಮಡು ನೋಡಲು ಚೆಂದವಿತ್ತು. ಸುತ್ತ ಬಂಡೆ, ನಡುವೆ ತಿಳಿನೀರು, ದಡದಲ್ಲಿ ನೆರಳು. ವಕೀಲರು ಬಣ್ಣಿಸಿದ್ದ ಚಪ್ಪಟೆ ಬಂಡೆ, ಬಾಗಿದ ಮರ, ಎಲ್ಲ ಅಲ್ಲೇ ಇದ್ದವು. ದೊಡ್ಡಣ್ಣನಿಗೆ ರೋಮಾಂಚನವಾಯಿತು. ಮೊದಲ ಸಲ ಬೀಸಿದಾಗ ಕೊಕ್ಕೆ ಹಿಂದಿನ ಪೊದೆಗೆ ಸಿಕ್ಕಿತು, ಎರಡನೆಯ ಸಲ ಅವನದೇ ಟೋಪಿಗೆ. ಆದರೆ ಎಡಗೈಯಲ್ಲಿ ಐದು ತಟ್ಟೆ ಹೊತ್ತು ಜನಜಂಗುಳಿಯಲ್ಲಿ ನುಸುಳಿದವನ ಮಣಿಕಟ್ಟು ಅದು. ಒಂದು ಗಂಟೆ ಕಳೆಯುವಷ್ಟರಲ್ಲಿ ದಾರ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು, ನೊಣ ಮೆಲ್ಲಗೆ ನೀರಿನ ಮೇಲೆ ಇಳಿಯತೊಡಗಿತು. ಮೇಜಿನ ಮೇಲೆ ಸದ್ದಾಗದಂತೆ ಬಟ್ಟಲಿಡುವುದೂ ಇದೇ ತಾನೆ ಎಂದು ಅವನು ಒಳಗೊಳಗೇ ಹಿಗ್ಗಿದ.

“ಚೆನ್ನಾಗಿ ಬೀಸ್ತೀರಿ” ಎಂದ ಗೈಡು. ಆ ದನಿಯಲ್ಲಿ ಸಣ್ಣ ಆಶ್ಚರ್ಯವಿತ್ತು, ಸಣ್ಣ ಸಂಕಟವೂ ಇತ್ತು.

ಮೀನು ಮಾತ್ರ ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಮೀನಿರಲಿ, ಮೀನಿನ ನೆರಳೂ ಅಲುಗಲಿಲ್ಲ. ಗೈಡು ದಡದಲ್ಲಿ ಕೂತು ಆಗಾಗ ಗಡಿಯಾರ ನೋಡುತ್ತಿದ್ದ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ, ಕೇಳದ್ದು ಒಂದನ್ನೂ ಹೇಳುತ್ತಿರಲಿಲ್ಲ. ಕೆಲಸ ತೂಗಿ ಅಳೆದು ಮಾಡುತ್ತಿದ್ದಾನೆ ಎಂದು ದೊಡ್ಡಣ್ಣನಿಗೆ ಗೊತ್ತಾಯಿತು. ಕೆಲಸಗಾರನ ಬೆನ್ನು ನೋಡಿದರೆ ಸಾಕು, ಅವನಿಗೆ ತಿಳಿಯುತ್ತದೆ. ತನ್ನಲ್ಲೇ ಏನೋ ಕೊರತೆ ಎಂದುಕೊಂಡ. ಗಿರಾಕಿಯಾಗಲು ಹೊರಟು ಎಲ್ಲೋ ಎಡವಿದ್ದೇನೆ, ಇವನು ಈಗಾಗಲೇ ಮನಸ್ಸಿನಲ್ಲಿ ನನ್ನ ಬಗ್ಗೆ ಅಂದುಕೊಳ್ಳುವುದನ್ನೆಲ್ಲ ಅಂದುಕೊಂಡಾಗಿದೆ. ಮುಖ ಸಪ್ಪಗಾಯಿತು.

ಊಟಕ್ಕೆ ದಡದ ಮೇಲಿನ ಹಲಗೆಯ ಗುಡಿಸಲು. ಒಳಗೆ ಗೋಡೆಗೆ ತಾಗಿದ ಒಂದು ಮೇಜು, ಎರಡು ಬೆಂಚು, ಮೂಲೆಯಲ್ಲಿ ಗಾಳದ ಕೋಲುಗಳ ಚೀಲ. ಮೇಜಿನ ಮೇಲೆ ಹೂವಿನ ಚಿತ್ರದ ದಪ್ಪ ರೆಕ್ಸಿನ್ ಹಾಸು. ಎಷ್ಟೋ ವರ್ಷ ಒರೆಸಿ ಒರೆಸಿ ಹೂವೆಲ್ಲ ಅಳಿಸಿಹೋಗಿದ್ದವು. ಗೈಡು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕು ತೆಗೆದಿಟ್ಟ. ಅವನು ಕೈತೊಳೆದು ಬರುವಷ್ಟರಲ್ಲಿ ದೊಡ್ಡಣ್ಣ ತಟ್ಟೆಗಳನ್ನು ಜೋಡಿಸಿ, ಮೊಟ್ಟೆ ಸುಲಿದು, ಲೋಟಗಳಿಗೆ ಅಂಚಿನಿಂದ ಒಂದು ಬೆರಳು ಕೆಳಗೆ, ಎರಡಕ್ಕೂ ಒಂದೇ ಸಮ, ಒಂದು ಹನಿ ಚೆಲ್ಲದಂತೆ ಚಹಾ ಸುರಿದಿದ್ದ.

ಗೈಡು ಬಾಗಿಲಲ್ಲೇ ನಿಂತ. “ಸಾರ್, ನೀವು ಏನು ಕೆಲಸದಲ್ಲಿದ್ರಿ?”

“ಹೋಟೆಲಲ್ಲಿ ಸಪ್ಲೈಯರ್.”

“ಸಪ್ಲೈಯರ್ರಾ! ವಕೀಲರ ಸ್ನೇಹಿತರು ಅಂದ್ಕೊಂಡಿದ್ದೆ.”

“ಸ್ನೇಹಿತರಲ್ಲಪ್ಪ. ಅವರ ಮೇಜು ನೋಡ್ಕೊಳ್ತಿದ್ದೆ.”

ಗೈಡು ಬೆಂಚಿನ ಮೇಲೆ ಧೊಪ್ಪನೆ ಕೂತ. ಬೆಳಗಿನಿಂದ ಮುಖಕ್ಕೆ ಅಂಟಿಸಿಕೊಂಡಿದ್ದ ನಗು ಬಿದ್ದುಹೋಗಿ, ಕೆಳಗಿನಿಂದ ಒಂದು ನಿಜವಾದ ಮುಖ ಬಂತು. ‘ಸಾರ್’ ಹೋಗಿ ‘ಯಜಮಾನ್ರೇ’ ಬಂತು. ಅರ್ಧ ಲೋಟ ಚಹಾ ಮುಗಿಯುವಷ್ಟರಲ್ಲಿ ಇಬ್ಬರೂ ತಂತಮ್ಮ ಗಿರಾಕಿಗಳನ್ನು ಹರಡಿಕೊಂಡು ಕೂತರು. ಸೇವೆ ಮಾಡುವವರು ಇಬ್ಬರು ಸೇರಿದರೆ ಲೋಕದಲ್ಲಿ ಬೇರೆ ವಿಷಯ ಇರುವುದಿಲ್ಲ.

“ನೀವು ನಮ್ಮವರು, ಅದಕ್ಕೇ ಹೇಳ್ತೀನಿ” ಎಂದ ಗೈಡು. “ನಿಮ್ಮ ವಕೀಲರಂಥ ಕೈಬಿಗಿ ಮನುಷ್ಯನ್ನ ನಾನು ನೋಡಿಲ್ಲ. ಹನ್ನೊಂದು ವರ್ಷ! ದಿನದ ಕೂಲಿ ಬಿಟ್ಟು ಒಂದೇ ಒಂದು ಕಾಸು ಟಿಪ್ಸ್ ಕೊಟ್ಟೋರಲ್ಲ. ಬೇರೆಯವರು ಹೊರಡುವಾಗ ಕೈಕುಲುಕಿ, ಅಂಗೈಲಿ ಏನಾದ್ರೂ ಇಡ್ತಾರೆ. ಇವರು ಗಾಡಿ ಹತ್ತಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸ್ತಿದ್ರು. ನಿನಗೆ ನಾಮ ಹಾಕ್ದೆ ನೋಡು ಅನ್ನೋ ಹಾಗೆ. ನನಗೆ ಹೊಟ್ಟೆ ಉರಿದುಹೋಗ್ತಿತ್ತು.”

“ಸಾಧ್ಯವೇ ಇಲ್ಲ!” ಎಂದ ದೊಡ್ಡಣ್ಣ.

“ನನ್ನ ಮಕ್ಕಳಾಣೆ.”

ಗೈಡು ತಟ್ಟೆಗಳನ್ನು ತೊಳೆಯಲು ಹೊರಗೆ ಹೋದ. ಜೀವಮಾನದಲ್ಲಿ ಮೊದಲ ಸಲ ತನ್ನ ಮುಂದಿನ ತಟ್ಟೆಯನ್ನು ಬೇರೆಯವರು ಎತ್ತಿಕೊಂಡು ಹೋದದ್ದು ದೊಡ್ಡಣ್ಣನಿಗೆ ಗೊತ್ತೇ ಆಗಲಿಲ್ಲ. ಅವನಿಗೆ ಸಿಟ್ಟು ಉಕ್ಕಿ ಬಂದಿತ್ತು. ಎಂಥ ಮನುಷ್ಯ! ದಿನಾ ಮುಖ ನೋಡುವ ಹೋಟೆಲಿನಲ್ಲಿ ಮಾತ್ರ ಧಾರಾಳ, ವರ್ಷಕ್ಕೆರಡು ಸಲ ಹೋಗುವ ಕಡೆ ಸೊನ್ನೆ. ಇಂಥವರನ್ನೇ ನಾನು ‘ಒಳ್ಳೆ ಗಿರಾಕಿ’ ಎಂದದ್ದು! ಅವರ ಪಾಪವನ್ನು ತಾನಾದರೂ ತೊಳೆಯಬೇಕು. ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ನೋಟಿನ ಜೊತೆಗೆ, ವಾಪಸ್ ಹೋಗುವ ಬಸ್ಸಿಗೆ ಬೇಕಾದಷ್ಟು ಬಿಟ್ಟು, ಇನ್ನೊಂದು ನೋಟು ಸೇರಿಸಿದ. ಗೈಡು ಬರುವ ಮುಂಚೆ ಇಟ್ಟುಬಿಡೋಣವೆಂದು, ದೊಡ್ಡ ಮನುಷ್ಯರ ರೀತಿಯಲ್ಲಿ, ಮೇಜಿನ ಹಾಸಿನ ಗೋಡೆಕಡೆಯ ಮೂಲೆ ಎತ್ತಿದ.

ಜಾಗ ಖಾಲಿ ಇರಲಿಲ್ಲ.

ನೋಟಿನ ಮೇಲೆ ನೋಟು. ಎಲ್ಲವೂ ನಾಲ್ಕು ಮಡಿಕೆ. ತೇವಕ್ಕೆ ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಕೆಳಗಿನವು ಸಣ್ಣ ನೋಟು, ಮೇಲೆ ಬಂದಂತೆ ದೊಡ್ಡವು. ತಳದ ಎರಡನ್ನು ಹುಳ ಅಂಚಿಗೆ ತಿಂದಿತ್ತು. ಇನ್ನು ಕೆಲವು ಸರ್ಕಾರವೇ ವಾಪಸ್ ತೆಗೆದುಕೊಂಡ ಹಳೆಯ ನೋಟುಗಳು. ದೊಡ್ಡಣ್ಣನಿಗೆ ಎಣಿಸುವ ಅಗತ್ಯವಿರಲಿಲ್ಲ. ವರ್ಷಕ್ಕೆರಡು ಸಲ, ಹನ್ನೊಂದು ವರ್ಷ. ಆ ಮಡಿಕೆಯ ಗುರುತು ಅವನಿಗೆ ತನ್ನ ಕೈಗೆರೆಯಷ್ಟೇ ಪರಿಚಯ.

ಹೋಟೆಲಿನಲ್ಲಿ ಬಟ್ಟೆಯನ್ನು ಹೊತ್ತಿಗೊಮ್ಮೆ ಬದಲಿಸುತ್ತಾರೆ. ರೆಕ್ಸಿನ್ನನ್ನು ಯಾರು ಬದಲಿಸುತ್ತಾರೆ? ಮೇಲಿಂದ ಒರೆಸುತ್ತಾರೆ, ಅಷ್ಟೇ. ನೀತಿ ಹೇಳಿದವನು ನಾನು. ಮಾಲೀಕರ ಡಬ್ಬಿಗೆ ಹೆದರಿ ಹೊಸೆದ ಸುಳ್ಳನ್ನು ಆ ಪುಣ್ಯಾತ್ಮ ಇಷ್ಟು ದೂರ, ಡಬ್ಬಿಯೇ ಇಲ್ಲದ ಜಾಗಕ್ಕೆ, ಹೊತ್ತು ತಂದಿದ್ದಾರೆ.

ಮೂಲೆಯನ್ನು ಮೆಲ್ಲಗೆ ಕೆಳಗಿಳಿಸಿ ಬಾಯಿಗೆ ಬೀಗ ಹಾಕಿಕೊಂಡು ಕೂರಬಹುದಿತ್ತು. ಅವನ ಕೈ ಹಾಗೆ ಮಾಡಲು ಹೊರಟಿತ್ತು ಕೂಡ. ಆದರೆ ಹೊರಗೆ ಗೈಡು ತಟ್ಟೆ ತೊಳೆಯುತ್ತಾ ಸಿಳ್ಳೆ ಹಾಕುತ್ತಿದ್ದ, ಮನಸ್ಸಿನ ಭಾರ ಇಳಿಸಿಕೊಂಡವನ ಸಿಳ್ಳೆ. ಅದನ್ನು ಕೇಳಿ ದೊಡ್ಡಣ್ಣನಿಗೆ ತಡೆಯಲಾಗಲಿಲ್ಲ.

“ಸ್ವಲ್ಪ ಒಳಗೆ ಬಾರಪ್ಪ” ಎಂದು ಕರೆದ.

ಗೈಡು ಬಂದು ನೋಡಿದ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮುಟ್ಟಲಿಲ್ಲ. “ಈ ಮೂಲೆ ಉಬ್ಬಿದೆ ಅಂತ ಗೊತ್ತಿತ್ತು. ಹಲಗೆ ನೆನೆದಿದೆ ಅಂದ್ಕೊಂಡಿದ್ದೆ” ಎಂದ.

ದೊಡ್ಡಣ್ಣ ಏನನ್ನೂ ಮುಚ್ಚಿಡಲಿಲ್ಲ. ತಗಡಿನ ಡಬ್ಬಿ, ಮಾಲೀಕರ ಭಾವಮೈದುನ, ತಾನು ಹೊಸೆದ ನೀತಿ, ಎಲ್ಲ ಹೇಳಿದ. ವಕೀಲರು ನಾಲ್ಕನೆಯ ಮೇಜಿನಲ್ಲಿ ಕೂತು, ದುಡ್ಡಿನ ಕಡೆ ಕಣ್ಣೆತ್ತಿ ನೋಡದ ಮನುಷ್ಯ ಎಂದು ಊರಿಗೆಲ್ಲ ಸಾರುತ್ತಿದ್ದುದನ್ನೂ ಹೇಳಿದ. “ವರ್ಷಾವರ್ಷ ಜಾಸ್ತಿ ಇಟ್ಟಿದ್ದಾರೆ ನೋಡಪ್ಪ. ನೀನು ಕೇಳಲ್ಲ ಅಂತ ಅವರಿಗೆ ನಿನ್ನ ಮೇಲೆ ಅಷ್ಟು ಗೌರವ.”

ಗೈಡು ರೆಕ್ಸಿನ್ನಿನ ಮೂಲೆಯನ್ನು ಮೆಲ್ಲಗೆ ಮುಚ್ಚಿದ. ಆಮೇಲೆ, “ಯಜಮಾನ್ರೇ, ನಾನೂ ಒಂದು ಹೇಳಬೇಕು” ಎಂದ. “ಬೆಳಗ್ಗೆ ನಾವು ನಿಂತಿದ್ವಲ್ಲ, ಆ ಮಡುವಲ್ಲಿ ಮೀನೇ ಇಲ್ಲ. ಮೇಲೆ ಕಟ್ಟೆ ಕಟ್ಟಿದಾಗಿನಿಂದ ಅಲ್ಲಿಗೆ ಒಂದು ಮರಿಯೂ ಬರಲ್ಲ. ಗೈಡುಗಳೆಲ್ಲ ಅದಕ್ಕೆ ಬಿಟ್ಟಿ ಮಡು ಅಂತೀವಿ. ಕೈ ಬಿಚ್ಚದೋರನ್ನ ಅಲ್ಲಿಗೆ ಕರ್ಕೊಂಡು ಹೋಗೋದು. ವಕೀಲರನ್ನ ಎರಡನೇ ವರ್ಷದಿಂದ ಅಲ್ಲೇ ನಿಲ್ಲಿಸ್ತಿದ್ದೆ. ನೀವು ಅವರ ಕಡೆಯವರು ಅಂದ್ರಲ್ಲ, ಅದಕ್ಕೆ ನಿಮ್ಮನ್ನೂ.”

ದೊಡ್ಡಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೆನ್ನಿಗೆ ತಣ್ಣಗೆ ಕೈನೀರು ಸಿಡಿದಂತಾಯಿತು. ಒಂಬತ್ತನೆಯ ಮೇಜು! ಆ ನಗು ಎಲ್ಲಿ ನೋಡಿದ್ದು ಅಂತ ಈಗ ನೆನಪಾಯಿತು. ಅಲ್ಲಿ ಕೂರಿಸಿದ ಎಷ್ಟು ಜನ, ಯಾವ ಯಾವ ಮೂಲೆಯಲ್ಲಿ, ಏನೇನು ಇಟ್ಟು ಹೋಗಿದ್ದರೋ ಯಾರಿಗೆ ಗೊತ್ತು? ಅವನು ತಲೆ ಅಲ್ಲಾಡಿಸುತ್ತಾ ನಗತೊಡಗಿದ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅದರಲ್ಲಿ ನಗುವಿನದು ಸ್ವಲ್ಪವೇ.

ಮಧ್ಯಾಹ್ನ ಗೈಡು ಅವನನ್ನು ಮೇಲಿನ ಮಡುವಿಗೆ ಕರೆದೊಯ್ದ. ಅರ್ಧ ಗಂಟೆ ಏರುದಾರಿ. ಈ ಸಲ ಯಾರು ಮುಂದೆ ಯಾರು ಹಿಂದೆ ಎಂಬ ಚರ್ಚೆಯೇ ಆಗಲಿಲ್ಲ. ಅಲ್ಲಿ ಚೆಂದದ ಬಂಡೆಯಿಲ್ಲ, ನೆರಳಿಲ್ಲ, ನೀರಿನಲ್ಲಿ ಮಾತ್ರ ಜೀವವಿತ್ತು. ಗೈಡು ಪಕ್ಕದಲ್ಲೇ ನಿಂತು, ಕೇಳದಿದ್ದರೂ ಹೇಳಿಕೊಟ್ಟ. ಮೂರನೆಯ ಬೀಸಿಗೇ ಮೀನು ಹಾರಿ ಬಂತು. ಕೋಲು ಬಾಗಿ ಕೈಯಲ್ಲಿ ಮಿಡಿದಾಗ ದೊಡ್ಡಣ್ಣ ಕೂಗಿದ ಕೂಗಿಗೆ ಆಚೆ ದಡದ ಹಕ್ಕಿಗಳೆಲ್ಲ ಎದ್ದವು. ಒಟ್ಟು ಮೂರು ಮೀನು. ಮೊದಲನೆಯದನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೈಯ ಚುಕ್ಕೆಗಳನ್ನು ನೋಡುತ್ತಾ, ವಕೀಲರು ಹನ್ನೊಂದು ವರ್ಷ ಇದನ್ನು ನೋಡಲೇ ಇಲ್ಲವಲ್ಲ ಎಂದು ಅವನಿಗೆ ಬಹಳ ನೋವಾಯಿತು. ಮೀನನ್ನು ನೀರಿಗೆ ಬಿಟ್ಟ.

ಸಂಜೆ ಬಿಸಿಲಿರುವಾಗಲೇ ಹೊರಟರು. ಗೈಡು ಬಸ್ಸು ನಿಲ್ಲುವ ಕಡೆಯವರೆಗೂ ಜೊತೆಗೆ ಬಂದು, “ಆ ನೋಟು ವಕೀಲರಿಗೆ ವಾಪಸ್ ಕೊಡಲಾ?” ಎಂದು ಕೇಳಿದ.

“ಟಿಪ್ಸ್ ವಾಪಸ್ ಕೊಡೋದಾ?” ಎಂದ ದೊಡ್ಡಣ್ಣ. “ಅದರಷ್ಟು ಅವಮಾನ ಇನ್ನೊಂದಿಲ್ಲ.”

“ಹಾಗಾದ್ರೆ ನನ್ನ ಪರವಾಗಿ ತಪ್ಪಾಯ್ತು ಅಂತ ಹೇಳಿ. ಕಾಲಿಗೆ ಬಿದ್ದೆ ಅಂತ ಹೇಳಿ. ಅಂಥ ಗಿರಾಕಿ ನನಗೆ ಇನ್ನೊಬ್ಬರು ಸಿಗಲ್ಲ.”

ಇನ್ನು ದೊಡ್ಡಣ್ಣನ ಸರದಿ. ನೋಟು ಜೇಬಿನಲ್ಲೇ ಇತ್ತು. ಎತ್ತಲು ಮೇಜುಬಟ್ಟೆ ಇರಲಿಲ್ಲ, ಬೆನ್ನು ತಿರುಗಿಸಲು ಮನಸ್ಸೂ ಬರಲಿಲ್ಲ. ಅವನು ನೋಟು ತೆಗೆದು ಬಲಗೈ ಮುಂದೆ ಚಾಚಿದ. ಗೈಡು ಬೇಡವೆನ್ನಲು ಬಾಯಿ ತೆರೆದು, ದೊಡ್ಡಣ್ಣನ ಮುಖ ನೋಡಿ, ಸುಮ್ಮನೆ ತೆಗೆದುಕೊಂಡ. ಅವನ ಕಣ್ಣಿನ ಸುತ್ತ ಸಂತೋಷದ ಗೆರೆಗಳೆದ್ದವು. ಎದುರಿಗೆ ಕೊಟ್ಟರೆ ಸಿಗುವುದು ಸಲಾಮಲ್ಲ, ಈ ನಗುಮುಖ ಎಂದು ದೊಡ್ಡಣ್ಣನಿಗೆ ಅರವತ್ತೆರಡು ವರ್ಷಕ್ಕೆ ತಿಳಿಯಿತು. ವಕೀಲರಿಗೆ ತಾನು ತಪ್ಪಿಸಿದ್ದು ಮೀನನ್ನು ಮಾತ್ರವಲ್ಲ. ಏನಾದರೂ ಹೇಳಬೇಕಿತ್ತು, ಆದರೆ ಅವನ ಬಾಯಿಗೆ ಗೊತ್ತಿದ್ದುದು ಒಂದೇ ಮಾತು.

“ತುಂಬಾ ಥ್ಯಾಂಕ್ಸ್ ಸಾರ್, ಮತ್ತೆ ಬನ್ನಿ” ಎಂದುಬಿಟ್ಟ.

“ಬರ್ತೀನಿ ಯಜಮಾನ್ರೇ” ಎಂದು ಗೈಡು ನಕ್ಕ.

ಭಾನುವಾರ ಬೆಳಗ್ಗೆ ದೊಡ್ಡಣ್ಣ ವಕೀಲರ ಮನೆಗೆ ಹೋದ. ಕ್ಷಮೆಯ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಗೈಡಿನದ್ದು ಒಂದು, ತನ್ನದು ಇನ್ನೊಂದು. ವಕೀಲರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೊಣಕಾಲಿಗೆ ಶಾಲು ಹೊದ್ದು ಕೂತಿದ್ದರು. ಅವನನ್ನು ಕಂಡ ಕೂಡಲೇ ಮುಖ ಅರಳಿತು. ಸೊಸೆ ಚಹಾ ತಂದಿಟ್ಟು ಹೋದಳು.

“ಬಾರಯ್ಯಾ, ಕೂತ್ಕೋ! ಹೇಗಿದ್ದಾನೆ ನಮ್ಮ ಗೈಡು? ಟಿಪ್ಸ್ ಎಲ್ಲಾದ್ರೂ ಕೈಗೆ ಕೊಟ್ಟುಬಿಟ್ಟೆಯೇನು?”

ದೊಡ್ಡಣ್ಣ ಜೋಡಿಸಿಕೊಂಡ ಮಾತು ಹುಡುಕಿದ. ವಕೀಲರು ಕತ್ತು ಮುಂದೆ ಚಾಚಿ ಕಾಯುತ್ತಿದ್ದರು. ಎರಡು ವರ್ಷದಿಂದ ಆ ಕುರ್ಚಿಯಿಂದ ಏಳದ ಮನುಷ್ಯ. ನದಿಯ ಕಡೆಯಿಂದ ಅವರಿಗೆ ಉಳಿದಿದ್ದುದು ನೆನಪು ಮಾತ್ರ.

“ಇಲ್ಲ ಸಾರ್” ಎಂದ ದೊಡ್ಡಣ್ಣ. “ಮೇಜುಬಟ್ಟೆ ಕೆಳಗೇ ಇಟ್ಟೆ.”

“ಭೇಷ್! ಅವನು ಅದರ ಮಾತೆತ್ತಿದನಾ?”

“ಇಲ್ಲ ಸಾರ್. ನಿಮ್ಮಂಥ ಗಿರಾಕಿ ಇನ್ನೊಬ್ಬರು ಸಿಗಲ್ಲ ಅಂದ.”

ವಕೀಲರು ಕಿಟಕಿಯ ಕಡೆ ತಿರುಗಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹುಷಾರಾಗಿ, ಏನೂ ಆಗದವರಂತೆ ಕೇಳಿದರು. “ಮೀನು ಸಿಕ್ತಾ?”

ದೊಡ್ಡಣ್ಣನ ಅಂಗೈಗೆ ಆ ಚುಕ್ಕೆಮೈಯ ತಣ್ಣನೆ ಇನ್ನೂ ನೆನಪಿತ್ತು. ಅಂಗೈಯನ್ನು ಮಡಿಚಿಕೊಂಡ.

“ಒಂದೂ ಸಿಗಲಿಲ್ಲ ಸಾರ್.”

“ನೋಡಿದ್ಯಾ!” ವಕೀಲರು ಕುರ್ಚಿಯ ಕೈ ತಟ್ಟಿ ನಕ್ಕರು. “ನನಗೇ ಸಿಗದೆ ಇದ್ದದ್ದು ಮೊದಲನೇ ದಿನಕ್ಕೆ ನಿನಗೆ ಸಿಗುತ್ತಾ! ಬಹಳ ಚಾಲಾಕು ಮೀನು ಅವು. ಎಲ್ಲಿ ನಿಲ್ಲಿಸಿದ್ದ? ಚಪ್ಪಟೆ ಬಂಡೆ, ಬಾಗಿದ ಮರ?”

“ಅಲ್ಲೇ ಸಾರ್.”

“ಆ ನದೀಲೇ ಶ್ರೇಷ್ಠವಾದ ಮಡು ಅದು. ಅವನು ಎಲ್ಲರನ್ನೂ ಅಲ್ಲಿಗೆ ಕರ್ಕೊಂಡು ಹೋಗಲ್ಲ ಕಣಯ್ಯಾ.”

“ಗೊತ್ತು ಸಾರ್” ಎಂದ ದೊಡ್ಡಣ್ಣ. “ಎಲ್ಲರನ್ನೂ ಕರ್ಕೊಂಡು ಹೋಗಲ್ಲ.”

ಅವನು ಎದ್ದು, ಖಾಲಿಯಾದ ಎರಡು ಲೋಟಗಳನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋದ.